ಒಂದನೇ ತರಗತಿಯ ಪುಟಗಳು

ಮಲಾಡಿನ ನಮ್ಮ ಬ್ಯಾಂಕಿಗೆ ಈ ತಿಂಗಳು ಕಂಪ್ಯೂಟರ್ ಬಂದಿದೆ. ಅಪ್ಪನ ಪಾಸ್‌ಬುಕ್ ಬರೆಸಿಕೊಂಡು ಬರಲು ಹೋದವಳು ಕೌಂಟರಿನ ಮುಂದೆ ನಿಂತಿದ್ದೆ. ಗಾಜಿನಾಚೆ ಪ್ರಿಂಟರು ಹಳೆಯ ಸೀರೆಯನ್ನು ಎಳೆದೆಳೆದು ಹರಿದಂತೆ ಸದ್ದು ಮಾಡತೊಡಗಿತು. ಕಾದ ರಿಬ್ಬನ್ನಿನ ಶಾಯಿಯ ವಾಸನೆ, ಸೀಮೆಎಣ್ಣೆಗೂ ಸುಟ್ಟ ರಬ್ಬರಿಗೂ ನಡುವಿನದೊಂದು ವಾಸನೆ, ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ‘ಆತಾ ಚೂಕ್ ಹೋಣಾರ್ ನಾಹೀ’ ಎಂದು ಮರಾಠಿಯಲ್ಲಿ ಸಂತೋಷಪಟ್ಟರು. ಇನ್ನು ಮೇಲೆ ತಪ್ಪೇ ಆಗುವುದಿಲ್ಲವಂತೆ. ಕುರ್ಲಾದ ಒಂದು ಶಾಲೆಯಲ್ಲಿ ನಾನು ದುಡಿದ ಒಂದು ವರ್ಷವೆಲ್ಲ ಆ ವಾಸನೆಯಲ್ಲಿ ಅದ್ದಿಹೋಗಿದೆ. ಆ ವರ್ಷಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಕನ್ನಡ ಎಂ.ಎ., ಅದರ ಮೇಲೊಂದು ಬಿ.ಎಡ್., ರಜೆಯಲ್ಲಿ ಕಲಿತ ಕಂಪ್ಯೂಟರ್ ಕೋರ್ಸು, ಇಷ್ಟನ್ನು ಹೊತ್ತುಕೊಂಡು ಜೂನ್ ತಿಂಗಳ ಮೊದಲ ಮಳೆಯಲ್ಲಿ ಕುರ್ಲಾ ಸ್ಟೇಷನ್ನಿನಲ್ಲಿ ಇಳಿದೆ. ಮುಂಬಯಿಯ ಕನ್ನಡಿಗರ ಸಂಸ್ಥೆಯೊಂದು ನಡೆಸುತ್ತಿದ್ದ ಕನ್ನಡ ಮಾಧ್ಯಮದ ಶಾಲೆ ಅದು. ಒಂದು ಮಗ್ಗುಲಿಗೆ ಚಾಳು, ಇನ್ನೊಂದು ಮಗ್ಗುಲಿಗೆ ಲೇತ್ ಮಿಷನ್ನುಗಳ ಸಣ್ಣ ಕಾರ್ಖಾನೆ. ಪಾಠದ ನಡುವೆ ಕಬ್ಬಿಣ ಕೊರೆಯುವ ಸದ್ದು ಬಂದಾಗ ಮಕ್ಕಳೂ ಶಿಕ್ಷಕರೂ ಬಾಯಿ ಮುಚ್ಚಿ ಕಾಯುತ್ತಿದ್ದರು. ಸದ್ದು ನಿಂತೊಡನೆ ಬಿಟ್ಟ ಅಕ್ಷರದಿಂದಲೇ ಮುಂದುವರಿಯುತ್ತಿದ್ದರು. ಮಳೆ ಜೋರಾದರೆ ಗಟಾರದ ನೀರು ನೆಲಮಹಡಿಯ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಆ ನೆಲಮಹಡಿಯಲ್ಲಿದ್ದದ್ದು ಒಂದನೇ ತರಗತಿ.

ಆ ತರಗತಿ ಗಿರಿಜಾಬಾಯಿಯವರದು. ಧಾರವಾಡದ ಕಡೆಯವರು; ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದನೇ ತರಗತಿಯನ್ನು ಬಿಟ್ಟು ಬೇರೆ ಯಾವುದನ್ನೂ ಕಲಿಸಿದವರಲ್ಲ. ಉಳಿದ ನಾವೆಲ್ಲ ಮಕ್ಕಳಿಗೆ ‘ಟೀಚರ್’. ‘ಅಕ್ಕೋರು’ ಎಂದರೆ ಅವರೊಬ್ಬರೇ. ನಾನು ಕೆಲಸಕ್ಕೆ ಸೇರಿದ ವಾರ ಅವರ ಕೋಣೆಯ ಬಾಗಿಲಲ್ಲಿ ನಿಂತು ಹಾಜರಿ ಕೂಗುವುದನ್ನು ನೋಡಿದೆ. ರಿಜಿಸ್ಟರು ತೆರೆದು ಒಂದೊಂದೇ ಹೆಸರು ಕೂಗಿದರು. ಮಕ್ಕಳು ‘ಹಾಜರ್ ಅಕ್ಕೋರ’ ಎಂದವು. ಆಮೇಲೆ ರಿಜಿಸ್ಟರು ಮುಚ್ಚಿ, ಕಿಟಕಿಯ ಪಕ್ಕದ ಸಾಲಿನತ್ತ ತಿರುಗಿ, ಬರಿಗೈಯಲ್ಲಿ ಮತ್ತಷ್ಟು ಹೆಸರು ಕೂಗಿದರು: ‘ಶರಣವ್ವ. ಭೀಮ್ಯಾ. ರೇಣುಕಾ. ಸಣ್ಣ ಭೀಮ್ಯಾ.’ ಅವೂ ಅಷ್ಟೇ ಗಟ್ಟಿಯಾಗಿ ‘ಹಾಜರ್’ ಎಂದವು.

‘ಇವರ ಹೆಸರು ರಿಜಿಸ್ಟರಿನಲ್ಲಿ ಇಲ್ಲವೇ?’ ಎಂದು ಕೇಳಿದೆ.

‘ಇಲ್ಲ ತಂಗಿ. ಇವು ಹೊರಗಿನ ಹಾಜರಿ.’

ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅವು. ಬೆಳಿಗ್ಗೆ ಕೂಲಿ ಸಿಗುವ ನಾಕಾಕ್ಕೆ ಹೋಗುವ ದಾರಿಯಲ್ಲಿ ತಾಯಂದಿರು ಮಕ್ಕಳನ್ನು ಅಕ್ಕೋರ ಕೋಣೆಯೊಳಗೆ ಬಿಟ್ಟು ಹೋಗುತ್ತಿದ್ದರು. ಜನನದ ದಾಖಲೆಯಿಲ್ಲ, ಹಿಂದಿನ ಶಾಲೆಯ ಪತ್ರವಿಲ್ಲ. ಆದ್ದರಿಂದ ಸಂಸ್ಥೆ ಅವರನ್ನು ದಾಖಲಿಸಿಕೊಂಡಿರಲಿಲ್ಲ. ಇದನ್ನು ಕಾನೂನು ಎಂದು ನಂಬಬೇಡಿ. ವಯಸ್ಸಿನ ಪುರಾವೆಯಿಲ್ಲದ ಮಗುವನ್ನು ತಂದೆತಾಯಿಯ ಅಫಿಡವಿಟ್ ಪಡೆದು ಸೇರಿಸಿಕೊಳ್ಳಬಹುದೆಂದು ನಾನು ಬಿ.ಎಡ್.ನಲ್ಲಿ ಓದಿದ್ದೆ. ಅದಕ್ಕೆ ಬೇಕಾದದ್ದು ಒಬ್ಬ ನೋಟರಿ ಮತ್ತು ಒಂದು ಮಧ್ಯಾಹ್ನ. ಆ ಮಧ್ಯಾಹ್ನವನ್ನು ನಮ್ಮ ಸಂಸ್ಥೆ ಎಷ್ಟೋ ವರ್ಷಗಳಿಂದ ಹುಡುಕುತ್ತಲೇ ಇತ್ತು. ಆದರೆ ದಾನಿಗಳು ಶಾಲೆ ನೋಡಲು ಬಂದ ದಿನ ಕಿಟಕಿಯ ಸಾಲಿನ ಮಕ್ಕಳಿಗೂ ಹೂವು ಕೊಟ್ಟು ನಿಲ್ಲಿಸುತ್ತಿದ್ದರು, ಫೋಟೋದಲ್ಲಿ ತರಗತಿ ತುಂಬಿ ಕಾಣಲಿ ಎಂದು. ಫೋಟೋಕ್ಕೆ ಅವರು ಮಕ್ಕಳು. ರಿಜಿಸ್ಟರಿಗೆ ಅವರು ಗಾಳಿ.

ಆಗಸ್ಟಿನಲ್ಲಿ, ಮಳೆ ಎಡೆಬಿಡದೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಸಂಸ್ಥೆಯ ಕಾರ್ಯದರ್ಶಿ ಶ್ರೀಕಂಠಯ್ಯನವರು ಶಿಕ್ಷಕರ ಸಭೆ ಕರೆದರು. ಮೈಸೂರಿನವರು. ನಮ್ಮಪ್ಪನ ಹಾಗೆಯೇ ದೊಡ್ಡ ಕಂಪನಿಯೊಂದರಲ್ಲಿ ಅಧಿಕಾರಿ. ಗಣಪತಿ ಹಬ್ಬಕ್ಕೆ ನಮ್ಮ ಮನೆಗೆ ಬಂದು ಕಡುಬು ತಿಂದು ಹೋಗುವವರು. ನನಗೆ ಈ ಕೆಲಸ ಸಿಕ್ಕಿದ್ದೂ ಅವರ ಮಾತಿನಿಂದಲೇ.

‘ನಮ್ಮ ಕಂಪನೀಲಿ ಈಗ ಪ್ರತಿಯೊಬ್ಬರ ಕೆಲಸಕ್ಕೂ ಕಂಪ್ಯೂಟರಲ್ಲಿ ಒಂದು ಫೈಲಿದೆ’ ಎಂದರು. ‘ಪೋರ್ಟ್‌ಫೋಲಿಯೊ ಅಂತಾರೆ. ಅವನೇನು ಮಾಡಿದ, ಹೇಗೆ ಮಾಡಿದ, ಎಲ್ಲಾ ಅದರಲ್ಲಿ. ನಮ್ಮ ಟೀಚರುಗಳದ್ದೂ ಮಾಡ್ಬಿಡೋಣ. ಪಾಠದ ಟಿಪ್ಪಣಿ, ಮಕ್ಕಳು ಬರೆದದ್ದು, ಫೋಟೋ. ದಾನಿಗಳು ಬಂದಾಗ ಕೈಗೆ ಕೊಟ್ರೆ ಆಯ್ತು, ಮಾತೇ ಬೇಡ.’

‘ಪೋರ್ಟ್‌ಫೋಲಿಯೊ ಮಂತ್ರಿಗಳಿಗಲ್ವಾ ಸರ್ ಕೊಡೋದು?’ ಎಂದರು ಗಣಿತದ ಬಂಗೇರ ಮಾಸ್ಟ್ರು. ‘ನನಗೆ ಹಣಕಾಸು ಇರ್ಲಿ.’

ಎಲ್ಲರೂ ನಕ್ಕರು, ಶ್ರೀಕಂಠಯ್ಯನವರೂ ನಕ್ಕರು. ನಗು ಮುಗಿದ ಮೇಲೆ ಅವರು ಒಂದು ಮಾತು ಸೇರಿಸಿದರು: ಮುಂದಿನ ವರ್ಷ ಯಾವ ತರಗತಿ ಉಳಿಯಬೇಕು, ಯಾರು ಹೆಚ್ಚುವರಿ ಶಿಕ್ಷಕರು ಎಂಬ ತೀರ್ಮಾನಕ್ಕೂ ಈ ಫೈಲೇ ಆಧಾರ. ‘ಸುಧಾ, ನೀನು ಕಂಪ್ಯೂಟರ್ ಕಲಿತವಳಲ್ವೇನಮ್ಮ? ನೀನೇ ಎಲ್ಲರದ್ದೂ ಮಾಡ್ಕೊಡು.’

ಹಾಗೆ ನನ್ನ ಆ ವರ್ಷದ ಸಂಜೆಗಳು ವಾಸುವಿನ ಅಟ್ಟಕ್ಕೆ ಸೇರಿದವು. ವಾಸು ಕಾರ್ಕಳದ ಕಡೆಯವನು. ಸ್ಟೇಷನ್ನಿನ ಬಳಿ ಅವನ ಮಾವನ ಉಡುಪಿ ಹೋಟೆಲಿತ್ತು. ಅದರ ಮೇಲಿನ ಅಟ್ಟದಲ್ಲಿ ಎರಡು ಕಂಪ್ಯೂಟರಿಟ್ಟು ಕ್ಲಾಸು ನಡೆಸುತ್ತಿದ್ದ. ಕೆಳಗಿನಿಂದ ಸಾಂಬಾರಿನ ಹಬೆ ಏರಿ ಬರುತ್ತಿದ್ದರೂ ಒಳಗೆ ಹೋಗುವವರ ಮೇಲೆ ಅವನದು ದೇವಸ್ಥಾನದ ಕಟ್ಟಳೆ. ‘ಚಪ್ಪಲಿ ಹೊರಗೆ ಮಾರಾಯ್ರೆ, ಮಿಸ್ಸೇ! ಧೂಳು ಹೋದ್ರೆ ಇದಕ್ಕೆ ನೆಗಡಿ ಆಗ್ತದೆ.’ ಅವನ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಶಾಲೆಯ ಕನ್ನಡ ಪಾಠಗಳನ್ನು ನಾನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ, ಪ್ರಿಂಟ್ ತೆಗೆದ ಹಾಳೆಯ ಮೇಲೆ ಫೋಟೋಗಳನ್ನು ಗೋಂದಿನಿಂದ ಅಂಟಿಸುತ್ತಿದ್ದೆ. ಮೇಲಿನ ತರಗತಿಗಳದು ಸುಲಭವಾಯಿತು. ನಿಬಂಧಗಳಿದ್ದವು, ಭೂಪಟಗಳಿದ್ದವು, ಬಂಗೇರ ಮಾಸ್ಟ್ರ ಬಳಿಯಂತೂ ಹಳೆಯ ಪ್ರಶ್ನೆಪತ್ರಿಕೆಗಳ ಗಂಟೇ ಇತ್ತು.

ಗಿರಿಜಾಬಾಯಿಯವರ ಬಳಿ ಏನೂ ಇರಲಿಲ್ಲ.

‘ನನ್ನ ಕೆಲಸ ಎಲ್ಲದ ತೋರಸಲಿಕ್ಕೆ?’ ಎಂದರು ಅವರು. ‘ಪಾಟಿ ಮ್ಯಾಲ ಇರ್ತದ. ಹುಡುಗೂರು ಎಂಜಲಾ ಹಚ್ಚಿ ಒರಸ್ತಾವ, ಹೋಗ್ತದ. ನಾಳೆ ಮತ್ತ ಹೊಸಾದು. ಒಂದನೇತ್ತಾ ಅಂದ್ರ ಒರಸೋದ ಕೆಲಸ, ತಂಗಿ.’

ಸ್ಲೇಟಿನ ಮೇಲೆ ಬಾಳಿದವರ ಕೆಲಸವನ್ನು ಕಾಗದಕ್ಕೆ ತರಬೇಕಾದರೆ ನಾನೇ ಅಲ್ಲಿ ಕೂರಬೇಕಿತ್ತು. ನನ್ನ ಬಿಡುವಿನ ಪಾಠಾವಧಿಗಳನ್ನೆಲ್ಲ, ಶ್ರಾವಣ ಕಳೆದು ಅಕ್ಟೋಬರಿನ ಧಗೆ ಬರುವವರೆಗೂ, ಆ ಕೋಣೆಯ ಹಿಂದಿನ ಚಾಪೆಯ ಮೇಲೆ ಕಳೆದೆ. ಮನೆಯಲ್ಲಿ ತುಳು ಆಡುವ ಮಗು, ಚಾಳಿನಲ್ಲಿ ಹಿಂದಿಯನ್ನೇ ಕೇಳಿ ಬೆಳೆದ ಮಗು, ಕಲಬುರಗಿಯ ಮಾತಿನ ಮಗು, ಮೂರೂ ಒಂದೇ ‘ಮ’ ಬರೆಯುವಂತೆ ಅವರು ಮಾಡುತ್ತಿದ್ದ ಬಗೆಯನ್ನು ಯಾವ ಬಿ.ಎಡ್. ಪುಸ್ತಕವೂ ನನಗೆ ಹೇಳಿರಲಿಲ್ಲ. ಅಕ್ಷರಕ್ಕೆ ಮೊದಲು ಅವರು ವಸ್ತುವನ್ನು ಮುಟ್ಟಿಸುತ್ತಿದ್ದರು. ವಸ್ತುವಿಗೆ ಪ್ರತಿ ಮಗುವಿನ ಮನೆಯ ಹೆಸರನ್ನು ಕೇಳುತ್ತಿದ್ದರು. ಎಲ್ಲ ಹೆಸರುಗಳನ್ನೂ ಒಪ್ಪಿಕೊಂಡ ಮೇಲೆ, ‘ಸಾಲ್ಯಾಗ ಇದಕ್ಕ ಹಿಂಗ ಅಂತೀವಿ’ ಎಂದು ಕನ್ನಡದ ಪದವನ್ನು ಕೊಡುತ್ತಿದ್ದರು. ಯಾವ ಮಗುವಿನ ಮಾತೂ ತಪ್ಪಾಗುತ್ತಿರಲಿಲ್ಲ. ಇದನ್ನೆಲ್ಲ ಬರೆದುಕೊಂಡೆ.

ಶರಣವ್ವ ಓದಿದ ದಿನವನ್ನೂ ಬರೆದುಕೊಂಡೆ. ಎಂಟೊಂಬತ್ತು ವರ್ಷದವಳು, ಒಂದನೇ ತರಗತಿಗೆ ದೊಡ್ಡವಳು, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಿದ್ದವಳು. ಮಧ್ಯಾಹ್ನದ ಬಿಡುವಿನಲ್ಲಿ ಅವಳ ತಾಯಿ ನಿಂಗವ್ವ ಹೋಟೆಲಿನಿಂದ ವಡೆ ಕಟ್ಟಿಸಿಕೊಂಡು ಬಂದಿದ್ದಳು. ಸುತ್ತಿದ್ದದ್ದು ಹಳೆಯ ಕನ್ನಡ ಪತ್ರಿಕೆಯ ತುಂಡು. ಶರಣವ್ವ ವಡೆಯನ್ನು ತಮ್ಮನ ಕೈಗೆ ಕೊಟ್ಟು ಎಣ್ಣೆ ಹೀರಿದ ಕಾಗದವನ್ನೇ ದಿಟ್ಟಿಸಿದಳು. ‘ಅಕ್ಕೋರ, ಇದ್ರಾಗ ಮಳಿ ಐತ್ರಿ!’ ಎಂದು ಕೂಗಿದಳು. ಬೆರಳಿಟ್ಟ ಕಡೆ ಇದ್ದದ್ದು ‘ಮಳೆ’. ಅದರ ಮುಂದಿನ ಪದ, ಅದರ ಮುಂದಿನದು, ಹೀಗೆ ಕಾಗದ ಹರಿದಿದ್ದ ಅಂಚಿನವರೆಗೂ ಓದಿಕೊಂಡು ಹೋದಳು. ನಿಂಗವ್ವ ಸಿಮೆಂಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದವನ್ನು ಎತ್ತಿ, ತಿರುಗಿಸಿ, ಮತ್ತೆ ಮಗಳ ಕೈಗೇ ಕೊಟ್ಟಳು. ‘ಏನಂತದ ನೋಡು’ ಎಂದಳು, ಪತ್ರಿಕೆ ತನಗೇ ಏನೋ ಹೇಳಿಕಳಿಸಿದೆ ಎಂಬಂತೆ.

ದೀಪಾವಳಿ ಕಳೆದ ಮೇಲೆ ಗಿರಿಜಾಬಾಯಿಯವರ ಭಾಗವನ್ನು ಯಂತ್ರಕ್ಕೆ ಹಾಕಲು ಕುಳಿತೆ. ಅವರೂ ಅಟ್ಟಕ್ಕೆ ಬಂದಿದ್ದರು, ಚಪ್ಪಲಿ ಹೊರಗಿಟ್ಟು, ಸೆರಗು ಹೊದ್ದು, ಪೂಜೆಗೆ ಬಂದವರ ಹಾಗೆ.

‘ಹೊರಗಿನ ಹಾಜರಿ ಹುಡುಗೂರ ಹೆಸರೂ ಹಾಕು’ ಎಂದರು. ‘ಯಾರ್ಯಾರಿಗೆ ಎಷ್ಟೆಷ್ಟು ಓದಲಿಕ್ಕೆ ಬರ್ತದ, ಅದೂ ಹಾಕು. ಎಲ್ಲಾರದೂ ಫೋಟೋ ಹಚ್ಚು.’

ನಾನು ಎಚ್ಚರಿಸಿದೆ. ದಾಖಲಾಗದ ಮಕ್ಕಳನ್ನು ವರ್ಷಗಟ್ಟಲೆ ಕೂರಿಸಿಕೊಂಡದ್ದಕ್ಕೆ ಅವರ ಮೇಲೆಯೇ ನೋಟೀಸು ಬಂದೀತು ಎಂದೆ.

‘ಬರಲಿ. ನೋಟೀಸ್ ಕೊಡಬೇಕಾದ್ರ ಆ ಹುಡುಗೂರು ಇದ್ದಾರ ಅಂತ ಒಪ್ಪಬೇಕಲ್ಲ? ಒಮ್ಮೆ ಒಪ್ಪಿದ್ರ ರಿಜಿಸ್ಟರಿಗೆ ಹತ್ತಸಲೇಬೇಕು. ಅವರ ಹೆಸರು ರಿಜಿಸ್ಟರಿಗೆ ಬಂದ್ರ ಸಾಕು, ನನ್ನ ಏನರೆ ಮಾಡಲಿ.’ ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಅದನ್ನು ನೋಡುತ್ತಾ ಅವರು ಹೇಳಿದರು: ‘ಪಾಟಿ ಆದ್ರ ಒರಸಬಹುದು. ಇದರಾಗ ಹತ್ತಿದ್ದು ಹೋಗೂದಿಲ್ಲಲ್ಲ?’

‘ಎಂತ ಮಾರಾಯ್ರೆ, ಕಲ್ಲಿನಲ್ಲಿ ಕೆತ್ತಿದ ಹಾಗೆ’ ಎಂದ ವಾಸು, ಹೆಮ್ಮೆಯಿಂದ.

ಜೀವಮಾನವಿಡೀ ಅಳಿಸಿಹೋಗುವ ಹಲಗೆಯ ಮೇಲೆ ಕೆಲಸ ಮಾಡಿದವರಿಗೆ, ಅಳಿಸಲಾಗದ ಹಲಗೆಯೊಂದು ಕೊನೆಗೂ ಬಂತು ಎನ್ನಿಸಿತು. ಪ್ರಿಂಟಾಗಿ ಬಂದ ಎಂಟು ಹಾಳೆಗಳನ್ನು ಅವರು ಕೈಯಲ್ಲಿ ಹಿಡಿದು, ‘ನನ್ನ ಹುಡುಗೂರ ಹೆಸರು ಓದಲಿಕ್ಕೆ ನನಗ ಇಂಗ್ಲಿಷ್ ಬೇಕಾತಲ್ಲ’ ಎಂದು ನಕ್ಕರು. ಒಂದೊಂದು ಹೆಸರನ್ನೂ ನನ್ನಿಂದ ಓದಿಸಿಕೊಂಡು ಕೇಳಿದರು.

ಡಿಸೆಂಬರಿನಲ್ಲಿ ಫೈಲು, ಫ್ಲಾಪಿ ಎರಡನ್ನೂ ಶ್ರೀಕಂಠಯ್ಯನವರಿಗೆ ಒಪ್ಪಿಸಿದೆವು. ವಾರ ಕಳೆಯುವುದರೊಳಗೆ ನಮ್ಮಿಬ್ಬರನ್ನೂ ಕರೆಸಿದರು.

‘ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮ’ ಎಂದರು ನನಗೆ. ‘ಆದ್ರೆ ಈ ಮೊದಲ ಎಂಟು ಪುಟ ಬೇಡ. ಇಷ್ಟು ವರ್ಷ ಯಾಕೆ ಸೇರಿಸಿಕೊಳ್ಳಲಿಲ್ಲ ಅಂತ ಇಲಾಖೆಯವರು ನಮ್ಮನ್ನೇ ಕೇಳ್ತಾರೆ. ಸಂಸ್ಥೆಯ ಹೆಸರಿನ ಪ್ರಶ್ನೆ.’

‘ಈಗ ಸೇರಸ್ಕೋರಿ, ಮುಗೀತು’ ಎಂದರು ಗಿರಿಜಾಬಾಯಿ.

‘ಹಾಗಲ್ಲ ಗಿರಿಜಾಬಾಯಿ. ಆ ಜನ ಇವತ್ತು ಇಲ್ಲಿ, ನಾಳೆ ಭಿವಂಡೀಲಿ. ಅವರನ್ನ ನಂಬ್ಕೊಂಡು ತರಗತಿ ನಡೆಸೋಕಾಗುತ್ತಾ?’

‘ಅವರು ಕಟ್ಟಿದ ಬಿಲ್ಡಿಂಗ್‌ದಾಗ ನೀವು ಇರ್ತೀರಲ್ಲ ಸರ್, ಅದನ್ನ ನಂಬ್ಕೊಂಡ ಮಲಗ್ತೀರಲ್ಲ?’

ಪುಟ ತೆಗೆಯುವುದಿಲ್ಲವೆಂದು ನಾವಿಬ್ಬರೂ ಹೇಳಿ ಬಂದೆವು.

ಫೆಬ್ರವರಿಯ ವಾರ್ಷಿಕೋತ್ಸವದಲ್ಲಿ ದಾನಿಯೊಬ್ಬರ ಕೈಯಿಂದ ಫೈಲು ಬಿಡುಗಡೆಯಾಯಿತು. ಶಾಲು, ಹಾರ, ಮೈಕು. ಶಿಕ್ಷಕರಿಗೆಲ್ಲ ಒಂದೊಂದು ಪ್ರತಿ ಹಂಚಿದರು. ನನ್ನ ಪಕ್ಕದಲ್ಲಿದ್ದ ಗಿರಿಜಾಬಾಯಿ ಹಾಳೆ ಮಗುಚಿದರು, ಮತ್ತೆ ಮೊದಲಿಗೆ ಬಂದರು, ಮತ್ತೆ ಮಗುಚಿದರು. ಪುಟ ಒಂದರಿಂದಲೇ ಎರಡನೇ ತರಗತಿ ಶುರುವಾಗಿತ್ತು.

ಹಳೆಯ ರಿಜಿಸ್ಟರಿನಿಂದ ಹಾಳೆ ಹರಿದರೆ ಹೊಲಿಗೆಯ ಬಳಿ ಚೂರೊಂದು ಉಳಿಯುತ್ತದೆ, ಅಂಕಿ ಜಿಗಿಯುತ್ತದೆ, ಕೈಯಿಟ್ಟವನ ಗುರುತು ಸಿಗುತ್ತದೆ. ಇಲ್ಲಿ ಯಾವ ಗಾಯವೂ ಇರಲಿಲ್ಲ. ನಾನು ಎದ್ದು ನಿಂತೆ. ಒಂದನೇ ತರಗತಿಯ ಪುಟಗಳೆಲ್ಲಿ ಎಂದು, ಇಡೀ ಸಭೆಗೆ ಕೇಳುವಂತೆ, ಕೇಳಿದೆ.

‘ಕೂತ್ಕೋ ಸುಧಾ’ ಎಂದರು ವೇದಿಕೆಯಿಂದ ಶ್ರೀಕಂಠಯ್ಯನವರು, ಮನೆಯ ಹುಡುಗಿಯನ್ನು ಗದರುವ ಸಲಿಗೆಯಲ್ಲಿ.

‘ಪುಟಗಳೆಲ್ಲಿ ಸರ್?’

ಅವರು ತಮ್ಮ ಕೈಯ ಪ್ರತಿಯನ್ನು ಎತ್ತಿ ಹಿಡಿದು ಸಭೆಯತ್ತ ತಿರುಗಿಸಿದರು. ‘ಯಾವ ಪುಟ? ಒಂದು, ಎರಡು, ಮೂರು… ಎಲ್ಲಾ ಇದೆಯಲ್ಲಮ್ಮ. ನೀನೇ ಎಣಿಸ್ಕೋ.’ ಸಭೆ ನಕ್ಕಿತು. ದಾನಿಗಳೂ ನಕ್ಕರು. ಗಿರಿಜಾಬಾಯಿ ಮಾತ್ರ ಆ ಫೈಲನ್ನು ಮಡಿಲಲ್ಲಿಟ್ಟುಕೊಂಡು, ಮೊದಲ ಪುಟದ ಮೇಲೆ ಅಂಗೈಯನ್ನು ನಿಧಾನವಾಗಿ ಆಡಿಸುತ್ತಿದ್ದರು.

ಮರುದಿನ ವಾಸು ನನ್ನ ಮುಖ ನೋಡಲಿಲ್ಲ. ‘ಸೆಕ್ರೆಟರಿಯವರೇ ಫ್ಲಾಪಿ ತಂದ್ರು ಮಿಸ್ಸೇ. ಶಾಲೆಗೆ ಕಂಪ್ಯೂಟರು ನನ್ನಿಂದಲೇ ತಗೊಳ್ತಾರಂತೆ. ನಾನೆಂತ ಮಾಡ್ಲಿ?’

‘ಪುಟದ ಅಂಕಿ?’

‘ಅದಕ್ಕೆ ನಾನೇನೂ ಮಾಡ್ಲಿಲ್ಲ. ಮೊದಲಿನದು ತೆಗೆದ್ರೆ ಉಳಿದದ್ದರ ಅಂಕಿ ಅದು ತಾನೇ ಸರಿ ಮಾಡಿಕೊಳ್ತದೆ.’

ಪೂರ್ತಿ ಫೈಲಿನ ಪ್ರತಿಯಿದ್ದ ಇನ್ನೊಂದು ಫ್ಲಾಪಿ ನನ್ನ ಬಳಿ ಉಳಿದಿತ್ತು. ಅದನ್ನು ಹಿಡಿದು ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದೆ. ಅದನ್ನು ಹಾಕಿ ನೋಡುವ ಯಂತ್ರ ಅಲ್ಲಿರಲಿಲ್ಲ. ಗುಮಾಸ್ತರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ‘ಸಹೀ-ಶಿಕ್ಕಾ ಕುಠೇ ಆಹೇ, ಬಾಯಿ?’ ಎಂದರು. ಸಹಿಯೂ ಮೊಹರೂ ಇಲ್ಲದ್ದನ್ನು ಅವರು ಸ್ವೀಕರಿಸುವಂತಿರಲಿಲ್ಲ. ಕಾಗದದ ಮೇಲೆ ಪ್ರಿಂಟ್ ತೆಗೆಸಿ ಮತ್ತೆ ಕೊಟ್ಟೆ. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಬಂದದ್ದು ಏಪ್ರಿಲಿನ ಆದೇಶ. ದಾಖಲಾದ ಮಕ್ಕಳ ಸಂಖ್ಯೆ ಸಾಲದೆಂದು ಒಂದನೇ ತರಗತಿ ಮುಚ್ಚಿತು. ಕಿಟಕಿಯ ಸಾಲಿನ ಹೆಸರುಗಳನ್ನು ಬರೆದುಕೊಂಡಿದ್ದರೆ ಸಂಖ್ಯೆ ಸಾಲುತ್ತಿತ್ತು. ಬರೆದುಕೊಳ್ಳದವರೇ ಸಾಲದು ಎಂದರು. ಗಿರಿಜಾಬಾಯಿ ‘ಹೆಚ್ಚುವರಿ’ಯಾದರು. ಬೈಕುಲ್ಲಾದಲ್ಲಿದ್ದ ಸಂಸ್ಥೆಯ ಕಚೇರಿಯಲ್ಲಿ ಆಮಂತ್ರಣ ಪತ್ರಿಕೆಗಳ ಮೇಲೆ ವಿಳಾಸ ಬರೆಯುವ ಕೆಲಸ ಕೊಟ್ಟರು. ನೆಲಮಹಡಿಯ ಕೋಣೆಗೆ ಹೊಸ್ತಿಲೆತ್ತರಿಸಿ, ಸುಣ್ಣ ಬಳಿದು, ಪರದೆ ಕಟ್ಟಿ, ಕಂಪ್ಯೂಟರ್ ಇಟ್ಟರು. ಇಷ್ಟು ವರ್ಷ ಮಕ್ಕಳ ಕಾಲು ನೆನೆಯುತ್ತಿದ್ದಾಗ ಏರದ ಹೊಸ್ತಿಲು ಯಂತ್ರಕ್ಕಾಗಿ ಒಂದೇ ವಾರದಲ್ಲಿ ಏರಿತು. ನಾನು ರಾಜೀನಾಮೆ ಕೊಟ್ಟೆ. ನಮ್ಮಪ್ಪ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ‘ಶ್ರೀಕಂಠಯ್ಯನವರ ಮುಂದೆ ತಲೆ ಎತ್ತೋ ಹಾಗಿಲ್ಲ’ ಎಂದು ಅಮ್ಮನಿಗೆ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ತಲೆ ಎತ್ತಲಾಗದವರು ಯಾರು ಎಂಬುದೇ ನನ್ನ ಪ್ರಶ್ನೆ. ಕನ್ನಡ ಉಳಿಸುತ್ತೇವೆಂದು ಈ ಊರಿನ ಪ್ರತಿ ನವೆಂಬರಿನಲ್ಲಿ ಶಾಲು ಹೊದೆಸಿಕೊಳ್ಳುವವರೇ, ಕನ್ನಡವನ್ನು ಬಿಟ್ಟು ಬೇರೆ ಭಾಷೆಯೇ ಗೊತ್ತಿಲ್ಲದೆ ನಿಮ್ಮ ಬಾಗಿಲಿಗೆ ಬಂದ ಮಕ್ಕಳನ್ನು ಏನು ಮಾಡಿದಿರಿ? ಆ ಎಂಟು ಪುಟ ತೆಗೆಯಲು ತೀರ್ಮಾನಿಸಿದ ಸಭೆ ಯಾವುದು, ಅಲ್ಲಿ ಕೈ ಎತ್ತಿದವರು ಯಾರು? ನಾನು ಮೂರು ಸಲ ಪತ್ರ ಬರೆದು ಕೇಳಿದ್ದೇನೆ. ಇದು ನಾಲ್ಕನೆಯದು.

ಆ ಜೂನಿನಲ್ಲಿ ನಿಂಗವ್ವ ಮಗಳನ್ನು ಕರೆದುಕೊಂಡು ಶಾಲೆಯ ಗೇಟಿಗೆ ಬಂದು, ಒಳಗೆ ಬಿಡದ್ದರಿಂದ ವಾಸುವಿನ ಮಾವನ ಹೋಟೆಲಿನಲ್ಲಿ ವಿಚಾರಿಸಿ, ನನ್ನ ಮನೆಯ ವಿಳಾಸ ಹಿಡಿದು ಮಲಾಡಿಗೆ ಬಂದಳು. ‘ಎರಡನೇತ್ತಾಕ ಹಾಕಬೇಕ್ರಿ, ಟೀಚರ್. ಎಲ್ಲಿ ಹಾಕ್ಲಿ?’ ಮೂವರೂ ಸೇರಿ ಇನ್ನೊಂದು ಕನ್ನಡ ಶಾಲೆಗೆ ಹೋದೆವು. ಮಳೆಗೆ ನೆನೆದು ಹೆಡ್‌ಮಾಸ್ತರರ ಕೋಣೆಯಲ್ಲಿ ನಿಂತೆವು. ಅವರು ಕೆಟ್ಟವರಲ್ಲ. ಶರಣವ್ವನ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟು ‘ಓದು ಮಗಾ’ ಎಂದರು. ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತು ಓದತೊಡಗಿದಳು.

‘ಓದ್ತಾಳೆ’ ಎಂದರು ಅವರು ನನ್ನತ್ತ ತಿರುಗಿ. ‘ಆದ್ರೆ ಒಂದನೇ ತರಗತಿ ಎಲ್ಲಿ ಪಾಸಾದ್ಳು? ಈಗಷ್ಟೇ ಆ ಶಾಲೆಗೆ ಫೋನ್ ಮಾಡ್ಸಿದೆ. ಇಂಥ ಹುಡುಗಿ ನಮ್ಮಲ್ಲಿ ಇರಲೇ ಇಲ್ಲ ಅಂದ್ರು.’

‘ಹೋದ ವರ್ಷ ಅಲ್ಲೇ ಕುಂದರ್ತಿತ್ತಲ್ರಿ ನನ್ನ ಕೂಸು’ ಎಂದಳು ನಿಂಗವ್ವ.

‘ಒಂದನೇ ತರಗತಿಗೆ ಬೇಕಾದ್ರೆ ನೋಡೋಣ. ಅದಕ್ಕೂ ವಯಸ್ಸು ಮೀರಿದೆ.’

‘ಕಲತದ್ದು ಮತ್ತ ಕಲೀಬೇಕೇನ್ರಿ?’

ನಾನು ಅಫಿಡವಿಟ್ಟಿನ ಮಾತೆತ್ತಿದೆ, ನಿಯಮದ ಮಾತೆತ್ತಿದೆ, ದನಿಯೂ ಏರಿರಬೇಕು. ವಯಸ್ಸಿಗೆ ಅಫಿಡವಿಟ್ ನಡೆಯುತ್ತದೆ, ಓದಿದ್ದಕ್ಕೆ ನಡೆಯುವುದಿಲ್ಲ ಎಂದರು ಅವರು. ನಿಂಗವ್ವ ನಮ್ಮಿಬ್ಬರ ಮುಖವನ್ನೂ ನೋಡಿ, ಮಳೆ ನಿಂತಿದೆಯೇ ಎಂದು ಕಿಟಕಿಯನ್ನೂ ನೋಡಿದಳು. ಅವಳ ಆ ದಿನದ ಕೆಲಸ ಆಗಲೇ ತಪ್ಪಿತ್ತು. ‘ಇರ್ಲಿ ಬಿಡ್ರಿ, ಟೀಚರ್’ ಎಂದಳು. ‘ನನ್ನ ಸಂಗಟ ಕೆಲಸಕ್ಕ ಬರ್ತದ.’

ಇಷ್ಟೆಲ್ಲ ನಡೆಯುವಾಗ ಶರಣವ್ವನಿಗೆ ಸಾಕು ಎಂದು ಯಾರೂ ಹೇಳಿರಲಿಲ್ಲ. ಅವಳು ಮೊದಲ ಪಾಠ ಮುಗಿಸಿ, ಹಾಳೆ ಮಗುಚಿ, ಎರಡನೆಯದನ್ನು ಓದುತ್ತಿದ್ದಳು. ಹೆಡ್‌ಮಾಸ್ತರರು ಎದ್ದು ಬಂದು ಪುಸ್ತಕವನ್ನು ಅವಳ ಕೈಯಿಂದ ಮೆಲ್ಲನೆ ತೆಗೆದುಕೊಂಡರು. ಅವಳು ಒಂದು ವಾಕ್ಯದ ನಡುವಿನಲ್ಲಿದ್ದಳು.